ಬೋರ್ಡೋ ದ್ರಾವಣ: ಅಳತೆ ಸರಿ, ಕಣ ತಪ್ಪು

ಕಳೆದ ಮಳೆಗಾಲದಲ್ಲಿ ನಾವು ಬೆಳಿಗ್ಗೆ ಕೂಡಿಸಿದ ಬೋರ್ಡೋ ದ್ರಾವಣವನ್ನು, ಮಳೆ ಬಿಡುವು ಕೊಡಲಿಲ್ಲವೆಂದು, ಮರುದಿನ ಅಡಿಕೆಗೊನೆಗಳಿಗೆ ಹೊಡೆಸಿದೆವು. ಕೊಳೆರೋಗ ನಿಲ್ಲಲಿಲ್ಲ. ಮೈಲುತುತ್ತ, ಸುಣ್ಣ ತಲಾ 1 ಕಿಲೋ, ನೀರು 100 ಲೀಟರ್. ಅಳತೆ ಸರಿಯಾಗಿಯೇ ಇತ್ತು. ಕೆಟ್ಟದ್ದು ಕಣ.

ಹೊಸ ದ್ರಾವಣದಲ್ಲಿ ತಾಮ್ರವು ತೆಳು ಪೊರೆಯಂಥ ಲೋಳೆ ಕಣಗಳಾಗಿ ತೇಲುತ್ತದೆ. ಅವು ಕಾಯಿಗೆ ಅಂಟಿ ಒಣಗಿದರೆ ಮಳೆಗೆ ಸುಲಭಕ್ಕೆ ತೊಳೆದುಹೋಗವು. ಇಟ್ಟಂತೆಲ್ಲ ಕಣಗಳು ಹರಳುಗಟ್ಟಿ ದಪ್ಪವಾಗಿ ತಳ ಸೇರುತ್ತವೆ, ಅಂಟೂ ಹೋಗುತ್ತದೆ. ಪಂಪಿನ ಮೂತಿ ಕಟ್ಟುವುದು ಬೇರೆ.

ಕೂಡಿಸುವ ಕ್ರಮವೂ ಮುಖ್ಯ. ಎರಡನ್ನೂ ತಲಾ 50 ಲೀಟರ್ ನೀರಿನಲ್ಲಿ ಕರಗಿಸಿ, ಸುಣ್ಣದ ಹಾಲನ್ನು ಸೋಸಿ, ಅದಕ್ಕೆ ತುತ್ತದ ನೀರನ್ನು ಸುರಿಯುತ್ತ ಕಲಕಬೇಕು. ತಿರುಗಾಮುರುಗಾ ಮಾಡಿದರೆ ಕಣ ಒರಟು.

ಈಗ ನಾವು ಅರ್ಧ ದಿನಕ್ಕೆ ಬೇಕಾದಷ್ಟೇ ಕೂಡಿಸುತ್ತೇವೆ. ಆಳುಗಳು ಗೊಣಗುತ್ತಾರೆ.