ಗಿಟಾರಿಗೆ ಬುಜೂಕಿಯ ಅವತಾರ

ಹೈದರಾಬಾದಿನಲ್ಲಿ ನೆಲೆಸಿರುವ ನಮ್ಮ ಕನ್ನಡ ಮನೆಗಳಲ್ಲಿ ಈಗ ವೀಣೆಯನ್ನು ಕಾಣುವುದು ಅಪರೂಪ. ಗಿಟಾರನ್ನು ಕಾಣುವುದು ಸಾಮಾನ್ಯ. ಮಗನೋ ಮಗಳೋ ಹಟ ಹಿಡಿದು ಕೊಡಿಸಿಕೊಂಡದ್ದು. ಎರಡು ವರ್ಷ ಮನೆ ತುಂಬ ನಾದ ಮಾಡಿ, ಪರೀಕ್ಷೆ ಬಂದಾಗ ಗೋಡೆಗೆ ಒರಗಿ, ಅವರು ಕೆಲಸ ಹಿಡಿದು ಪುಣೆಗೋ ಪರದೇಶಕ್ಕೋ ಹೊರಟ ಮೇಲೆ ಬೀರುವಿನ ನೆತ್ತಿಗೇರಿ ಕುಳಿತದ್ದು. ಹಬ್ಬಕ್ಕೆ ಧೂಳು ಹೊಡೆಯುವಾಗ ಮಾತ್ರ ಅದರ ನೆನಪು. ಹಳೆಯ ಸಾಮಾನಿನವನಿಗೆ ಕೊಡಲು ಮನಸ್ಸು ಬಾರದು. ಹಾಗೆಯೇ ಇಟ್ಟರೆ, ಇಲ್ಲಿಯ ಏಪ್ರಿಲ್–ಮೇ ತಿಂಗಳ ಒಣ ಬಿಸಿಲಿಗೆ ಮರ ಬಿರುಕು ಬಿಡುವುದು ತಪ್ಪದು.

ಇಂತಹ ಗಿಟಾರನ್ನು ಹೆಚ್ಚು ಖರ್ಚಿಲ್ಲದೆ, ಮರಕ್ಕೆ ಒಂದು ತೂತನ್ನೂ ಕೊರೆಯದೆ, ಬುಜೂಕಿ ಎಂಬ ಇನ್ನೊಂದು ವಾದ್ಯವನ್ನಾಗಿ ಮಾಡಿಕೊಳ್ಳಬಹುದು. ಪರದೇಶದ ಒಂದು ವಾದ್ಯವನ್ನು ಪರದೇಶದ ಇನ್ನೊಂದು ವಾದ್ಯವನ್ನಾಗಿ ಮಾಡಿಕೊಂಡು ನಮಗೇನು ಲಾಭ ಎಂದು ವಾಚಕರು ಕೇಳಬಹುದು. ಲಾಭ ಉಂಟು. ಬುಜೂಕಿ ನಮ್ಮ ವೀಣೆಗೆ ಬಹಳ ಹತ್ತಿರದ ನೆಂಟ. ಅದು ಹೇಗೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಬುಜೂಕಿ ಎಂದರೇನು?

ಬುಜೂಕಿ ಗ್ರೀಸ್ ದೇಶದ ತಂತಿವಾದ್ಯ. ಉಬ್ಬಿದ ಹೊಟ್ಟೆ, ನೀಳವಾದ ಕತ್ತು, ಉಕ್ಕಿನ ತಂತಿ, ಕೈಯಲ್ಲಿ ಹಿಡಿದ ಸಣ್ಣ ತುಣುಕಿನಿಂದ ಮೀಟುವ ಕ್ರಮ. ತುರ್ಕಿಯ ಕಡೆಯ ತಂಬೂರ್ ಜಾತಿಯ ವಾದ್ಯಗಳ ಕುಲಕ್ಕೆ ಸೇರಿದ್ದು. ೧೯೨೨ರಲ್ಲಿ ಗ್ರೀಕರು ತುರ್ಕರೊಡನೆ ಮಾಡಿದ ಯುದ್ಧದಲ್ಲಿ ಸೋತರು. ಮರುವರ್ಷ ಲೌಸಾನ್ ಒಪ್ಪಂದದಂತೆ ಎರಡು ದೇಶಗಳೂ ಜನರನ್ನು ಅದಲುಬದಲು ಮಾಡಿಕೊಂಡವು. ಏಷ್ಯಾ ಮೈನರಿನಲ್ಲಿ ತಲೆತಲಾಂತರದಿಂದ ಬಾಳಿದ್ದ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಮನೆಮಠ ಬಿಟ್ಟು ಗ್ರೀಸಿಗೆ ಬಂದರು. ನಾವು ಹೊಟ್ಟೆಪಾಡಿಗಾಗಿ ಊರು ಬಿಟ್ಟವರು. ಅವರು ಜೀವ ಉಳಿಸಿಕೊಳ್ಳಲು ಬಿಟ್ಟವರು. ಪಿರೇಯಸ್ ಬಂದರಿನ ಬಡ ಬೀದಿಗಳಲ್ಲಿ ಇಂತಹವರೂ ಅಲ್ಲಿಯ ಹಮಾಲರೂ ಕೂಡಿ ಹಾಡಿಕೊಂಡ ಹಾಡುಗಳಿಗೆ ರೆಬೆಟಿಕೊ ಎಂದು ಹೆಸರು. ಅದರ ಮುಖ್ಯ ವಾದ್ಯ ಬುಜೂಕಿ. ದೊಡ್ಡ ಮನೆಗಳವರು ಅದನ್ನು ಬಹುಕಾಲ ಹತ್ತಿರ ಸೇರಿಸಲಿಲ್ಲ. ೧೯೩೬ರಲ್ಲಿ ಬಂದ ಮೆಟಾಕ್ಸಾಸನ ಸರ್ವಾಧಿಕಾರ ಆ ಹಾಡುಗಳ ಮೇಲೆ ಕತ್ತರಿ ಆಡಿಸಿತು. ಕಡೆಗೆ ೧೯೬೪ರ ‘ಜೋರ್ಬಾ ದಿ ಗ್ರೀಕ್’ ಚಲಚ್ಚಿತ್ರಕ್ಕೆ ಥಿಯೊಡೊರಾಕಿಸ್ ಕೊಟ್ಟ ಸಂಗೀತದಿಂದ ಬುಜೂಕಿಯ ದನಿ ಲೋಕಕ್ಕೆಲ್ಲ ಪರಿಚಯವಾಯಿತು.

ವಲಸೆ ಬಂದವರ ವಾದ್ಯ ಊರವರ ವಾದ್ಯವಾಗುವುದು ಹೈದರಾಬಾದಿನವರಿಗೆ ಹೊಸ ಸಂಗತಿಯಲ್ಲ. ನಿಜಾಮರ ಸೈನ್ಯಕ್ಕೆ ಬಂದು ಬಾರ್ಕಸ್ ಕಡೆ ನೆಲೆಸಿದ ಅರಬರು ಮತ್ತು ಸಿದ್ದಿಗಳು ತಂದ ಮರ್ಫಾ ಮೇಳ ಈಗ ಈ ಊರಿನ ಮದುವೆ ಮೆರವಣಿಗೆಯ ಮೇಳವಾಗಿದೆ.

ಜೋಡಿ ತಂತಿಯ ಗುಟ್ಟು

ಗಿಟಾರಿಗೂ ಬುಜೂಕಿಗೂ ಮುಖ್ಯ ವ್ಯತ್ಯಾಸ ತಂತಿ ಕಟ್ಟುವುದರಲ್ಲಿ. ಗಿಟಾರಿನಲ್ಲಿ ಆರು ತಂತಿಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಬುಜೂಕಿಯಲ್ಲಿ ಎರಡೆರಡು ತಂತಿ ಅಕ್ಕಪಕ್ಕ ಜೋಡಿಯಾಗಿ ನಿಲ್ಲುತ್ತವೆ. ಒಂದೇ ಬೆರಳು ಎರಡನ್ನೂ ಒತ್ತುತ್ತದೆ. ಎರಡು ತಂತಿಗಳು ಎಷ್ಟೇ ಶ್ರುತಿ ಸೇರಿದ್ದರೂ ಕೂದಲೆಳೆಯ ವ್ಯತ್ಯಾಸ ಉಳಿಯುತ್ತದೆ. ಆ ವ್ಯತ್ಯಾಸದಿಂದಲೇ ನಾದಕ್ಕೆ ಒಂದು ಮಿನುಗು ಬರುವುದು.

ಹಳೆಯ ಬುಜೂಕಿಗೆ ಮೂರು ಜೋಡಿ, ಅಂದರೆ ಆರು ತಂತಿ. ಪಾಶ್ಚಾತ್ಯರ ಹೆಸರಿನಲ್ಲಿ ಅವು ಡಿ, ಎ, ಡಿ. ೧೯೫೦ರ ದಶಕದಲ್ಲಿ ಮನೋಲಿಸ್ ಖಿಯೋಟಿಸ್ ಎಂಬ ಪ್ರಸಿದ್ಧ ವಾದಕನು ನಾಲ್ಕು ಜೋಡಿಯ ಬುಜೂಕಿಯನ್ನು ಪ್ರಚಾರಕ್ಕೆ ತಂದನು. ಅದರ ಶ್ರುತಿ ಸಿ, ಎಫ್, ಎ, ಡಿ. ಗಿಟಾರಿನ ಕೆಳಗಿನ ನಾಲ್ಕು ತಂತಿಗಳನ್ನು ಒಂದೊಂದು ಸ್ವರ ಇಳಿಸಿದರೆ ಬರುವುದು ಇದೇ. ೧೯೬೦ರ ದಶಕದಲ್ಲಿ ಜಾನಿ ಮಾಯ್ನಿಹನ್ ಈ ವಾದ್ಯವನ್ನು ಐರ್ಲೆಂಡಿನ ಜಾನಪದ ಸಂಗೀತಕ್ಕೆ ತಂದನು. ಅಲ್ಲಿಯವರು ಉಬ್ಬು ಹೊಟ್ಟೆಯನ್ನು ಬಿಟ್ಟು ಗಿಟಾರಿನಂತೆ ಚಪ್ಪಟೆ ಬೆನ್ನಿನ ಬುಜೂಕಿಯನ್ನೇ ಮಾಡಿಕೊಂಡರು. ಚಪ್ಪಟೆ ಬೆನ್ನಿನಿಂದ ಬುಜೂಕಿತನ ಕೆಡುವುದಿಲ್ಲವೆಂಬುದಕ್ಕೆ ಇಷ್ಟು ಸಾಕ್ಷಿ ಸಾಕು.

ನಮ್ಮವರು ಮಾಡಿದ ಮಾರ್ಪಾಡು

ಪರರ ವಾದ್ಯವನ್ನು ತಮ್ಮ ಸಂಗೀತಕ್ಕೆ ತಕ್ಕಂತೆ ತಿದ್ದಿಕೊಳ್ಳುವುದರಲ್ಲಿ ಕನ್ನಡಿಗರು ಹಿಂದೆ ಬಿದ್ದವರಲ್ಲ. ಮೈಸೂರು ಟಿ. ಚೌಡಯ್ಯನವರು ಪಿಟೀಲಿನ ನಾಲ್ಕು ತಂತಿಗೆ ಮತ್ತೆ ಮೂರು ಸೇರಿಸಿ ಏಳು ತಂತಿಯ ಪಿಟೀಲನ್ನು ಬಳಕೆಗೆ ತಂದರು. ನಾದ ಹೆಚ್ಚಿ ದೊಡ್ಡ ಸಭೆಯ ಕೊನೆಯ ಸಾಲಿಗೂ ಮುಟ್ಟಲೆಂಬುದು ಅದರ ಉದ್ದೇಶ. ೧೯೫೭ರಲ್ಲಿ ಸಂಗೀತ ಕಲಾನಿಧಿಗಳಾದ ಅವರು ೧೯೬೭ರಲ್ಲಿ ತೀರಿಕೊಂಡರು. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲಿಯೇ ನಿಂತಿರುವ ಸ್ಮಾರಕ ಭವನವನ್ನು ನೋಡದವರು ಕಡಿಮೆ. ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು (೧೯೪೯–೨೦೧೯) ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತು, ಅದನ್ನು ನಮ್ಮ ಗಮಕಗಳಿಗೆ ಒಗ್ಗಿಸಿ ಕಚೇರಿ ವೇದಿಕೆಗೆ ಏರಿಸಿದರು.

ಗಿಟಾರಿನ ವಿಷಯಕ್ಕೇ ಬಂದರೆ, ಜಯಪುರದ ವಿಶ್ವಮೋಹನ ಭಟ್ಟರು ಅದಕ್ಕೆ ಚಿಕಾರಿ ತಂತಿಗಳನ್ನೂ ತರಬ್ ತಂತಿಗಳನ್ನೂ ಕಟ್ಟಿ ಮೋಹನವೀಣೆ ಎಂದು ಹೆಸರಿಟ್ಟರು. ೧೯೯೪ರಲ್ಲಿ ಅವರಿಗೆ ಗ್ರ್ಯಾಮಿ ಪ್ರಶಸ್ತಿ ಬಂತು. ನಮ್ಮ ನೆರೆಯ ಆಂಧ್ರದ ಪಾಲಕೊಲ್ಲಿನ ಯು. ಶ್ರೀನಿವಾಸ್ (೧೯೬೯–೨೦೧೪) ಮ್ಯಾಂಡೊಲಿನ್ನಿಗೆ ಮಾಡಿದ್ದು ಇದಕ್ಕೆ ವಿರುದ್ಧ. ಅದರ ನಾಲ್ಕು ಜೋಡಿ ತಂತಿಗಳನ್ನು ಬಿಟ್ಟು ಐದು ಬಿಡಿ ತಂತಿ ಕಟ್ಟಿದರು. ಜೋಡಿ ತಂತಿಯನ್ನು ಎಳೆದು ಗಮಕ ನುಡಿಸುವುದು ಕಷ್ಟ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಮತ್ತೆ ಬರುತ್ತದೆ.

ನಮ್ಮ ಮನೆಯ ಗಿಟಾರ್

ನಮ್ಮ ಮನೆಯಲ್ಲಿ ಉಳಿದಿದ್ದುದು ತಮ್ಮನ ಗಿಟಾರ್. ಅವನು ಪರದೇಶಕ್ಕೆ ಹೋಗಿ ಆರು ವರ್ಷವಾಯಿತು. ನಮ್ಮ ತಾಯಿಯವರು ಮದುವೆಗೆ ಮೊದಲು ಶಿವಮೊಗ್ಗದಲ್ಲಿ ವೀಣೆ ಕಲಿತವರು. ಆ ವೀಣೆ ತವರಿನಲ್ಲಿಯೇ ಉಳಿಯಿತು. ಈಗ ತರಿಸೋಣವೆಂದರೆ ಮೊಣಕಾಲು ನೋವಿನಿಂದ ನೆಲದ ಮೇಲೆ ಕೂರುವಂತಿಲ್ಲ. ಗಿಟಾರನ್ನಾದರೆ ಕುರ್ಚಿಯ ಮೇಲೆ ಕುಳಿತು ನುಡಿಸಬಹುದು. ಬುಜೂಕಿಯ ವಿಚಾರ ನಮ್ಮ ತಲೆಗೆ ಹೊಕ್ಕದ್ದು ಇದರಿಂದ. ನಾಲ್ಕು ಜೋಡಿ ಕಟ್ಟಲು ಇನ್ನೆರಡು ಬಿರಡೆ ಬೇಕು, ತಲೆಯಲ್ಲಿ ತೂತು ಕೊರೆಯಬೇಕು ಎಂದಾಗ ತಾಯಿಯವರು, “ತೂತು ಗೀತು ಬೇಡ ಕಣೋ. ಅವನ ವಸ್ತು ಅದು. ನಾಳೆ ಬಂದು ಕೇಳಿದರೆ ಇದ್ದ ಹಾಗೇ ಕೈಗೆ ಕೊಡಬೇಕು” ಎಂದರು. ಆದುದರಿಂದ ಹಳೆಯ ಮೂರು ಜೋಡಿಯ ಬುಜೂಕಿಯೇ ಆಗಲೆಂದು ನಿಶ್ಚಯಿಸಿದೆವು. ಅದಕ್ಕೆ ಬೇಕಾದುದು ಆರೇ ಬಿರಡೆ, ಗಿಟಾರಿನಲ್ಲಿರುವುದೂ ಆರೇ.

ಸಿಕಂದರಾಬಾದಿನಲ್ಲಿ ವಾದ್ಯ ರಿಪೇರಿ ಮಾಡುವ ವಯಸ್ಸಾದ ಮಿಸ್ತ್ರಿಯೊಬ್ಬರು ಒಂದೇ ಮಧ್ಯಾಹ್ನದಲ್ಲಿ ಮುಗಿಸಿಕೊಟ್ಟ ಕೆಲಸ ಹೀಗಿದೆ:

ಮೊದಲು ಹಳೆಯ ತಂತಿಗಳನ್ನು ಒಂದೊಂದಾಗಿ ಸಡಿಲಿಸಿ ತೆಗೆಯಬೇಕು. ಕತ್ತಿನ ತುದಿಯಲ್ಲಿ ತಂತಿಗಳು ಹಾದುಹೋಗುವ ಸಣ್ಣ ಅಡ್ಡಪಟ್ಟಿಯನ್ನು ಮೆಲ್ಲಗೆ ತಟ್ಟಿ ಬಿಡಿಸಿ, ಪೊಟ್ಟಣ ಕಟ್ಟಿ ಜೋಪಾನವಾಗಿ ಇಡಬೇಕು. ಅದೇ ಅಳತೆಯ ಹೊಸ ಪಟ್ಟಿ ಮಾಡಿ, ಮೂರು ಜೋಡಿ ಗೀರುಗಳನ್ನು ಕೊರೆಯಬೇಕು. ಜೋಡಿಯೊಳಗಿನ ಅಂತರ ಎರಡೂವರೆ ಮಿಲಿಮೀಟರ್ ಇದ್ದರೆ ಸರಿ. ಇನ್ನೂ ಹತ್ತಿರವಾದರೆ ತಂತಿಗಳು ಒಂದಕ್ಕೊಂದು ಬಡಿದುಕೊಳ್ಳುತ್ತವೆ. ದೂರವಾದರೆ ಒಂದು ಬೆರಳಿಗೆ ಎರಡೂ ಸಿಕ್ಕುವುದಿಲ್ಲ. ಪಟ್ಟಿಗೆ ಮೂಳೆ ಒಳ್ಳೆಯದೆನ್ನುತ್ತಾರೆ. ಬೇಡವೆನ್ನುವವರಿಗೆ ಗಟ್ಟಿ ಪ್ಲಾಸ್ಟಿಕ್ ಆದೀತು.

ಎರಡನೆಯದು ಕುದುರೆ. ಅದನ್ನು ಕೀಳಬೇಕಾದ ಅಗತ್ಯವಿಲ್ಲ. ಅದರ ಮೇಲೆ ಕೂರಿಸಿರುವ ಬಿಳಿಯ ಪಟ್ಟಿಯನ್ನು ಮಾತ್ರ ಬದಲಿಸಿ, ಜೋಡಿಗಳು ಐದಾರು ಮಿಲಿಮೀಟರ್ ಅಂತರಕ್ಕೆ ಬರುವಂತೆ ಗೀರು ಹಾಕಿದರೆ ಸಾಕು. ತಂತಿ ಪಕ್ಕಕ್ಕೆ ಜಾರದಷ್ಟು ಗೀರು ಆಳವಿರಬೇಕು.

ಮೂರನೆಯದು ತಂತಿ. ಗಿಟಾರಿಗೆಂದೇ ಮಾರುವ ಉಕ್ಕಿನ ತಂತಿಗಳಲ್ಲಿ ಒಂದನೆಯ ತಂತಿ ಮೂರು, ಎರಡನೆಯದು ಎರಡು, ಮೂರನೆಯದು ಒಂದು ಬೇಕು. ಇಂಚಿನ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ ಇವುಗಳ ದಪ್ಪ ೧೨, ೧೬ ಮತ್ತು ೨೪. ಮೇಲಿನ ಜೋಡಿಗೆ ಎರಡು ‘೧೨’, ಶ್ರುತಿ ಡಿ. ನಡುವಿನ ಜೋಡಿಗೆ ಎರಡು ‘೧೬’, ಶ್ರುತಿ ಎ. ಕೆಳಗಿನ ಜೋಡಿಗೆ ಒಂದು ‘೨೪’ ಮಂದ್ರದ ಡಿ, ಅದರ ಪಕ್ಕದಲ್ಲಿ ಉಳಿದ ‘೧೨’ ಒಂದು ಸ್ಥಾಯಿ ಮೇಲಿನ ಡಿ. ಹೀಗೆ ಕಟ್ಟಿದರೆ ಆರೂ ತಂತಿಗಳ ಒಟ್ಟು ಎಳೆತ ಸುಮಾರು ೫೦ ಕಿಲೋ. ಮಾಮೂಲು ಉಕ್ಕಿನ ತಂತಿ ಕಟ್ಟಿದ ಗಿಟಾರ್ ಹೊರುವ ಭಾರ ೭೦ ಕಿಲೋಗೂ ಹೆಚ್ಚು. ಆದುದರಿಂದ ಹಳೆಯ ಮರಕ್ಕೆ ಇದು ಭಾರವಲ್ಲ, ವಿಶ್ರಾಂತಿ.

ಎಳೆತ ಕಡಿಮೆಯಾದಾಗ ಕತ್ತು ತುಸು ಹಿಂದಕ್ಕೆ ಬಾಗಿ ತಂತಿಗಳು ಮೆಟ್ಟಿಲಿಗೆ ತಾಗಿ ಜರ್ರೆನ್ನುವುದುಂಟು. ಕತ್ತಿನೊಳಗೆ ಕಬ್ಬಿಣದ ಸರಳಿರುವ ಗಿಟಾರುಗಳಲ್ಲಿ ಅದರ ತಿರುಪನ್ನು ಕಾಲು ಸುತ್ತು ಸಡಿಲಿಸಿದರೆ ಇದು ನಿಲ್ಲುತ್ತದೆ. ಕಡೆಯದಾಗಿ, ಹನ್ನೆರಡನೆಯ ಮೆಟ್ಟಿಲಿನಲ್ಲಿ ಪ್ರತಿ ತಂತಿಯನ್ನೂ ಒತ್ತಿ ನೋಡಬೇಕು. ಬರುವ ಸ್ವರ ಬಿಡಿ ತಂತಿಯ ಮೇಲಿನ ಷಡ್ಜವೇ ಆಗಿರಬೇಕು. ಇಲ್ಲವಾದರೆ ಕುದುರೆಯ ಪಟ್ಟಿಯನ್ನು ಅರದಿಂದ ಚೂರು ಚೂರೇ ಉಜ್ಜಿ ಸರಿಪಡಿಸಬೇಕು.

ಸ–ಪ–ಸ

ಶ್ರುತಿ ಸೇರಿಸಿ ತಾಯಿಯವರ ಕೈಗೆ ಕೊಟ್ಟೆವು. ಅವರು ಮೂರು ಜೋಡಿಗಳನ್ನೂ ಒಂದೊಂದಾಗಿ ಮೀಟಿ, “ಇದು ಸಾರಣಿ, ಇದು ಪಂಚಮ, ಇದು ಮಂದ್ರ. ವೀಣೆಯೇ ಅಲ್ಲವೇನೋ!” ಎಂದರು.

ಅವರ ಮಾತು ಅಕ್ಷರಶಃ ನಿಜ. ಡಿ ಎಂಬುದನ್ನು ಷಡ್ಜವೆಂದಿಟ್ಟುಕೊಂಡರೆ ಎ ಪಂಚಮವಾಗುತ್ತದೆ. ಮೇಲಿನಿಂದ ಷಡ್ಜ, ಅದರ ಕೆಳಗಿನ ಪಂಚಮ, ಅದಕ್ಕೂ ಕೆಳಗಿನ ಮಂದ್ರ ಷಡ್ಜ: ವೀಣೆಯ ಮೊದಲ ಮೂರು ತಂತಿಗಳ ಕ್ರಮವೂ ಇದೇ. ವೀಣೆಯಲ್ಲಿ ಒಂದು ಸ್ಥಾಯಿಗೆ ಹನ್ನೆರಡು ಮೆಟ್ಟಿಲು, ಗಿಟಾರಿನಲ್ಲಿಯೂ ಹನ್ನೆರಡು. ಗಿಟಾರಿನ ಮೂಲ ಶ್ರುತಿಯಲ್ಲಿ ವೀಣೆಯ ಬೆರಳುಗಾರಿಕೆ ಕೂಡುವುದಿಲ್ಲ. ಬುಜೂಕಿಯ ಶ್ರುತಿಗೆ ತಂದೊಡನೆ ಕೂಡುತ್ತದೆ. ವೀಣೆ ಕಲಿತ ಕೈ ಹೊಸದಾಗಿ ಸ್ವರಸ್ಥಾನ ಹುಡುಕಬೇಕಾದುದಿಲ್ಲ. ನಮ್ಮ ತಾಯಿಯವರು ಆ ಸಂಜೆಯೇ ಮಾಯಾಮಾಳವಗೌಳದ ಸರಳೆ ಮುಗಿಸಿ ಪುರಂದರದಾಸರ ಪಿಳ್ಳಾರಿ ಗೀತೆಗಳಿಗೆ ಬಂದರು. ಬಾಗಿಲ ಬಳಿ ನಿಂತು ಕೇಳುತ್ತಿದ್ದ ನಮ್ಮ ಮಗಳು ಮರುದಿನ, “ಅಜ್ಜಿ, ನನಗೂ ಹೇಳಿಕೊಡು” ಎಂದಳು. ಗಿಟಾರ್ ತರಗತಿಗೆ ಸೇರಿಸೆಂದು ಆರು ತಿಂಗಳಿನಿಂದ ಪೀಡಿಸುತ್ತಿದ್ದವಳು ಅವಳು.

ಆದರೆ ಇದನ್ನು ವೀಣೆಯೆಂದೇ ಭ್ರಮಿಸಬಾರದು. ವೀಣೆಯ ತಾಳದ ತಂತಿಗಳು ಇದರಲ್ಲಿಲ್ಲ. ಅನುಮಂದ್ರ ಪಂಚಮವೂ ಇಲ್ಲ. ಶ್ರೀನಿವಾಸ್ ಅವರನ್ನು ಕಾಡಿದ ತೊಡಕು ಇಲ್ಲಿಯೂ ಉಂಟು: ಜೋಡಿ ತಂತಿಯನ್ನು ಎಳೆದರೆ ಎರಡೂ ಒಂದೇ ಅಳತೆಗೆ ಏರುವುದಿಲ್ಲ. ತೋಡಿ, ಸಾವೇರಿಗಳಂತಹ ಗಮಕಪ್ರಧಾನ ರಾಗಗಳಿಗೆ ಇದು ಸೋಲುತ್ತದೆ. ಸರಳೆ, ಜಂಟಿ, ಗೀತೆ, ದೇವರನಾಮ, ಭಾವಗೀತೆಗಳಿಗೆ ಧಾರಾಳವಾಗಿ ಸಾಕು. ಗಮಕವೇ ಬೇಕೆನ್ನುವವರು ಮೇಲಿನ ಜೋಡಿಯಲ್ಲಿ ಒಂದು ತಂತಿಯನ್ನು ತೆಗೆದುಬಿಡಬಹುದು. ಮಿನುಗು ಹೋಗುತ್ತದೆ, ಎಳೆತ ಸಿಕ್ಕುತ್ತದೆ.

ಕೆಲವು ಎಚ್ಚರಿಕೆ

ನೈಲಾನ್ ತಂತಿಯ ಗಿಟಾರಿಗೆ ಈ ಉಕ್ಕಿನ ತಂತಿಗಳನ್ನು ಎಂದಿಗೂ ಕಟ್ಟಬಾರದು. ಅದರ ಹಲಗೆ ತೆಳು, ಕುದುರೆ ಬರಿಯ ಅಂಟಿನಿಂದ ನಿಂತದ್ದು, ಕಿತ್ತುಬಂದೀತು. ಹನ್ನೆರಡು ತಂತಿಯ ಗಿಟಾರ್ ಇದ್ದವರ ಕೆಲಸ ಇನ್ನೂ ಸುಲಭ: ದಪ್ಪನೆಯ ಎರಡು ಜೋಡಿಗಳನ್ನು ತೆಗೆದು, ಉಳಿದ ನಾಲ್ಕನ್ನು ಒಂದೊಂದು ಸ್ವರ ಇಳಿಸಿದರೆ ಖಿಯೋಟಿಸನ ಬುಜೂಕಿಯ ಶ್ರುತಿ ಸಿದ್ಧ. ಬೆಲೆಬಾಳುವ, ಚೆನ್ನಾಗಿ ನುಡಿಯುತ್ತಿರುವ ಗಿಟಾರನ್ನು ಮುಟ್ಟಲು ಹೋಗಬಾರದು. ಅದು ಗಿಟಾರಾಗಿಯೇ ಇರಲಿ. ತಂತಿ ಕಟ್ಟುವಾಗ ಮುಖ ಸ್ವಲ್ಪ ದೂರವಿರಲಿ. ಹರಿದ ಉಕ್ಕಿನ ತಂತಿ ಕಣ್ಣಿಗೆ ಹಾರುವುದುಂಟು. ಬೇಸಿಗೆಯಲ್ಲಿ ವಾದ್ಯವನ್ನು ಕಿಟಕಿಯ ಬಿಸಿಲಿಗೂ ಗಾರೆಯ ಮೇಲಿನ ಅಟ್ಟಕ್ಕೂ ಇಡದೆ ಪೆಟ್ಟಿಗೆಯಲ್ಲಿ ಇಡುವುದು ಲೇಸು.

ತಮ್ಮನಿಗೆ ಕಾಗದ ಬರೆದು ಒಪ್ಪಿಗೆ ಪಡೆದಿದ್ದೇವೆ. ಹಳೆಯ ಎರಡು ಪಟ್ಟಿಗಳೂ ಪೊಟ್ಟಣದಲ್ಲಿ ಭದ್ರವಾಗಿವೆ. ಅವನು ಬಂದು ಕೇಳಿದ ದಿನ ಅರ್ಧ ಗಂಟೆಯಲ್ಲಿ ಅದು ಪುನಃ ಗಿಟಾರ್ ಆಗಬಲ್ಲುದು. ವಾಚಕರಲ್ಲಿ ಯಾರ ಮನೆಯ ಬೀರುವಿನ ಮೇಲಾದರೂ ಇಂತಹ ವಾದ್ಯವಿದ್ದು, ಅದೇ ಮನೆಯಲ್ಲಿ ವೀಣೆ ಬಲ್ಲ ಹಿರಿಯರೂ ಇದ್ದರೆ, ಅವರಿಬ್ಬರಿಗೂ ಪರಿಚಯ ಮಾಡಿಸಿಕೊಡಲು ಮೂರು ಜೋಡಿ ತಂತಿ ಸಾಕು.