ಡೇರೆ ಗಡ್ಡೆ ಕೆಡದಂತೆ ಕಾಪಾಡುವ ಬಗೆ

ಮಳೆಗಾಲದಲ್ಲಿ ಮಲೆನಾಡಿನ ಮನೆಯಂಗಳಕ್ಕೆ ಶೋಭೆ ತರುವುದು ಡೇರೆ ಹೂ. ಡೇಲಿಯ ಎನ್ನುವುದೂ ಇದನ್ನೇ. ಮೆಕ್ಸಿಕೋ ದೇಶದ ಬೆಟ್ಟಸೀಮೆ ಇದರ ತವರು. 1791ರಲ್ಲಿ ಸ್ಪೇನಿನ ಸಸ್ಯಶಾಸ್ತ್ರಜ್ಞ ಕವನಿಲೆಸ್, ಸ್ವೀಡನ್ನಿನ ಆಂಡರ್ಸ್ ಡಾಲ್ ಅವರ ಗೌರವಾರ್ಥ ಈ ಹೆಸರನ್ನಿಟ್ಟರು.

"ಕೇಳಿ ತಂದ ಗಡ್ಡೆ ಮೊಳೆಯಲೇ ಇಲ್ಲ" ಎಂಬ ಮಾತು ಪ್ರತಿ ವರ್ಷವೂ ಕೇಳಿಬರುತ್ತದೆ. ಬಹುಮಟ್ಟಿಗೆ ಇದಕ್ಕೆ ಕಾರಣ ಎರಡು: ಕಣ್ಣಿಲ್ಲದ ಗಡ್ಡೆ ಮತ್ತು ನಿಂತ ನೀರು.

ಆಲೂಗಡ್ಡೆಯ ಮೈಯೆಲ್ಲ ಕಣ್ಣಿರುತ್ತದೆ. ಏಕೆಂದರೆ ಅದು ಕಾಂಡ. ಡೇರೆ ಗಡ್ಡೆಯಾದರೋ ದಪ್ಪಗಾದ ಬೇರು. ಹಳೆಯ ಕಾಂಡಕ್ಕೆ ಅಂಟಿಕೊಂಡ ಬುಡದಲ್ಲಿ ಮಾತ್ರ ಕಣ್ಣು. ಆದುದರಿಂದ ಗಡ್ಡೆಗಳನ್ನು ಬೇರ್ಪಡಿಸುವಾಗ ಪ್ರತಿಯೊಂದಕ್ಕೂ ಕಾಂಡದ ಬುಡದ ಚೂರು ಸೇರಿರಬೇಕು. ಕುತ್ತಿಗೆ ಮುರಿದ ಗಡ್ಡೆ ಎಷ್ಟು ದಪ್ಪವಿದ್ದರೂ ಪ್ರಯೋಜನವಿಲ್ಲ.

ಏಪ್ರಿಲ್-ಮೇ ತಿಂಗಳಲ್ಲಿ, ಬಿಸಿಲು ಚೆನ್ನಾಗಿ ಬೀಳುವ ಕಡೆ ಅರ್ಧ ಅಡಿ ಎತ್ತರದ ಮಡಿ ಮಾಡಿ, ಹಳೆಯ ಕೊಟ್ಟಿಗೆ ಗೊಬ್ಬರ ಬೆರೆಸಿರಿ. ಎರಡಡಿಗೊಂದರಂತೆ, ನಾಲ್ಕೈದು ಅಂಗುಲ ಆಳದಲ್ಲಿ, ಗಡ್ಡೆಯನ್ನು ಅಡ್ಡ ಮಲಗಿಸಿ ಕಣ್ಣು ಮೇಲೆ ಬರುವಂತೆ ನೆಡಿರಿ. ಆಸರೆಯ ಗೂಟವನ್ನು ಆಗಲೇ ಊರಿರಿ. ಆಮೇಲೆ ಊರಿದರೆ ಗಡ್ಡೆಗೆ ಪೆಟ್ಟು. ಮೊಳಕೆ ಕಾಣುವವರೆಗೆ ನೀರು ಮಿತವಾಗಿರಲಿ. ಮಡಿಯ ಸುತ್ತ ನೀರು ಬಸಿದುಹೋಗಲು ಕಾಲುವೆ ತೆಗೆಯಿರಿ.

ಮೂರು-ನಾಲ್ಕು ಜೊತೆ ಎಲೆ ಬಂದಾಗ ತುದಿ ಚಿವುಟಿದರೆ ಕವಲೊಡೆದು ಹೂ ಹೆಚ್ಚುತ್ತದೆ. ದೊಡ್ಡ ಹೂ ಬೇಕಿದ್ದವರು ನಡುವಿನ ಮೊಗ್ಗನ್ನುಳಿಸಿ ಪಕ್ಕದವನ್ನು ತೆಗೆಯಬೇಕು. ಯೂರಿಯಾದ ಆಸೆ ಬೇಡ, ಬರೀ ಎಲೆ ಸೊಂಪಾಗುತ್ತದೆ. ಎಳೆ ಚಿಗುರಿಗೆ ಬಸವನಹುಳುವಿನ ಕಾಟವುಂಟು. ಸಂಜೆ ಆರಿಸಿ ತೆಗೆಯಬೇಕು.

ಹೂ ಮುಗಿದು ಗಿಡ ಒಣಗಿದ ಮೇಲೆ ಕಾಂಡವನ್ನು ಗೇಣುದ್ದ ಬಿಟ್ಟು ಕತ್ತರಿಸಿರಿ. ಬುಡದಿಂದ ಒಂದಡಿ ದೂರದಲ್ಲಿ ಅಗೆದು, ಗೊಂಚಲನ್ನು ಮುರಿಯದಂತೆ ಎತ್ತಿ, ನೆರಳಲ್ಲಿ ಆರಿಸಿ, ಒಣ ಮರಳಿನಲ್ಲಿ ಹುಗಿದು ತಂಪಾದ ಮೂಲೆಯಲ್ಲಿಡಿರಿ. ತಿಂಗಳಿಗೊಮ್ಮೆ ನೋಡಿ: ಬೂಷ್ಟು ಹಿಡಿದುದನ್ನು ಎಸೆಯಿರಿ, ಸುಕ್ಕುಗಟ್ಟಿದ್ದರೆ ಮರಳಿಗೆ ನೀರು ಚಿಮುಕಿಸಿರಿ. ಬೇರ್ಪಡಿಸುವ ಕೆಲಸ ನೆಡುವ ಕಾಲಕ್ಕಿರಲಿ. ಆಗ ಕಣ್ಣು ಉಬ್ಬಿ ಸ್ಪಷ್ಟವಾಗಿ ಕಾಣುತ್ತದೆ.

ಇಷ್ಟೆಲ್ಲ ಜೋಪಾನ ಏಕೆಂದರೆ, ಬೀಜದಿಂದ ಬಂದ ಡೇರೆ ತಾಯಿಯಂತೆಯೇ ಹೂಬಿಡುವುದಿಲ್ಲ. ಅತ್ತೆಯವರು ತವರಿನಿಂದ ತಂದ ಬಣ್ಣ ಉಳಿಯಬೇಕಾದರೆ ಗಡ್ಡೆಯೋ ಅದರ ಕುಡಿಯೋ ಉಳಿಯಬೇಕು. ಆದುದರಿಂದ ನೆಡುವಾಗ ಒಂದು ಗಡ್ಡೆಯನ್ನು ನೆರೆಮನೆಗೂ ಕೊಡಿರಿ. ನಮ್ಮಲ್ಲಿ ಕೊಳೆತ ವರ್ಷ ಅಲ್ಲಿಂದ ಮರಳಿ ತರಬಹುದು.