ಪ್ರಶ್ನಾಕೋಶವೂ ಪರೀಕ್ಷೆಯ ನಂಬಿಕೆಯೂ

ಕುಮಾರಸ್ವಾಮಿ ಲೇಔಟಿನ ಗುಡ್ಡದ ಮೇಲಿರುವ ದಯಾನಂದ ಸಾಗರ ವಿದ್ಯಾಸಂಸ್ಥೆಗಳ ಕಡೆಗೆ ಪರೀಕ್ಷಾಕಾಲದ ಬೆಳಿಗ್ಗೆ ಸಾಗುವ ತರುಣರ ಗುಂಪನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ಆ ಮುಖಗಳಲ್ಲಿ ಓದಿನ ದಣಿವಿರುವುದು ಸಹಜವು. ಆದರೆ ಇಂದು ನಾಡಿನ ಯಾವ ಊರಿನ ವಿದ್ಯಾರ್ಥಿಯ ಮನಸ್ಸಿನಲ್ಲಾದರೂ ದಣಿವಿನೊಡನೆ ಒಂದು ಸಂಶಯವೂ ಸೇರಿರುತ್ತದೆ. ತಾನು ಇನ್ನೂ ಕಾಣದ ಪ್ರಶ್ನೆಪತ್ರಿಕೆಯನ್ನು ಮತ್ತಾರೋ ಹಣ ತೆತ್ತು ಮೊದಲೇ ಕಂಡಿರುವರೇನೋ ಎಂಬುದೇ ಆ ಸಂಶಯವು.

ಇದು ನಿರಾಧಾರವಾದುದೆಂದು ಹೇಳುವ ಧೈರ್ಯವು ನಮಗಿಲ್ಲ. 2016ನೆಯ ಇಸವಿಯ ಮಾರ್ಚ್ 21ರಂದು ನಡೆದ ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಪತ್ರಿಕೆಯು ಬಯಲಾಯಿತು. ಮಾರ್ಚ್ 31ಕ್ಕೆಂದು ಗೊತ್ತುಮಾಡಿದ ಮರುಪರೀಕ್ಷೆಯ ಪತ್ರಿಕೆಯೂ ಬಯಲಾಯಿತು. ಕೊನೆಗೆ ಏಪ್ರಿಲ್ 12ರಂದು ಪರೀಕ್ಷೆಯು ನಡೆಯಿತು. ಒಂದೂವರೆ ಲಕ್ಷಕ್ಕೂ ಮೀರಿದ ಮಕ್ಕಳು ಒಂದೇ ಪಾಠವನ್ನು ಮತ್ತೆ ಮತ್ತೆ ಓದಿ ನೊಂದರು; ಮಲ್ಲೇಶ್ವರದ ಇಲಾಖೆಯ ಕಚೇರಿಯ ಮುಂದೆ ಕೂಗಿ ಹೇಳಿದರು. ಕಳ್ಳನು ಮಾಡಿದ ತಪ್ಪಿಗೆ ಕಷ್ಟಪಟ್ಟು ಓದಿದವನು ದಂಡ ತೆತ್ತಂತಾಯಿತು.

ಈ ರೋಗಕ್ಕೆ ಮದ್ದೆಂದು ಈಗ ಪ್ರಶ್ನಾಕೋಶದ ಪದ್ಧತಿಯನ್ನು ಹೇಳುತ್ತಾರೆ. ಉಪಾಧ್ಯಾಯರು ಬರೆದ ಸಾವಿರಾರು ಪ್ರಶ್ನೆಗಳನ್ನು ಗಣಕಯಂತ್ರದಲ್ಲಿ ಶೇಖರಿಸಿ, ಪ್ರತಿಯೊಂದಕ್ಕೂ ಅಧ್ಯಾಯ, ಅಂಕ, ಕಾಠಿಣ್ಯ ಇವುಗಳ ಗುರುತು ಹಾಕಿಡುವುದು. ಪರೀಕ್ಷೆಯ ಹೊತ್ತಿಗೆ ಯಂತ್ರವೇ ನಿಯಮಾನುಸಾರವಾಗಿ ಚೀಟಿಯೆತ್ತಿದಂತೆ ಪ್ರಶ್ನೆಗಳನ್ನು ಆರಿಸಿ ಪತ್ರಿಕೆಯನ್ನು ಕಟ್ಟುವುದು. ಹತ್ತು ಅಧ್ಯಾಯಗಳಿದ್ದು, ಒಂದೊಂದರಲ್ಲಿ ಇಪ್ಪತ್ತು ಪ್ರಶ್ನೆಗಳಿದ್ದು, ಅಧ್ಯಾಯಕ್ಕೆ ಒಂದರಂತೆ ಎತ್ತಿದರೆ ಹುಟ್ಟಬಲ್ಲ ಪತ್ರಿಕೆಗಳು 10,24,000 ಕೋಟಿ! ಪೆಟ್ಟಿಗೆಯಲ್ಲಿ ಪತ್ರಿಕೆಯೇ ಇಲ್ಲದಿರುವಾಗ ಕಳ್ಳನು ಕದಿಯುವುದಾದರೂ ಏನನ್ನು? ಪತ್ರಿಕೆಗಳನ್ನು ವಿದ್ಯುನ್ಮಾನ ಮಾರ್ಗದಿಂದ ಕಾಲೇಜುಗಳಿಗೆ ಕಳುಹಿಸುವ ಕ್ರಮವು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಹೊಸದಲ್ಲ. ಆದುದರಿಂದ ಇದು ಕೈಗೂಡದ ಮಾತೆಂದು ಯಾರೂ ಹೇಳಲಾರರು.

ನಾವು ಈ ಪದ್ಧತಿಯನ್ನು ಮನಃಪೂರ್ವಕವಾಗಿ ಸ್ವಾಗತಿಸುತ್ತೇವೆ. ಆದರೆ ಯಂತ್ರವನ್ನು ತಂದಿಟ್ಟ ಮಾತ್ರಕ್ಕೆ ನ್ಯಾಯವು ಬಂದಿತೆಂದು ಅಧಿಕಾರಿಗಳು ಭಾವಿಸಿದರೆ ಅದು ದೊಡ್ಡ ಪ್ರಮಾದವಾದೀತು.

ಮೊದಲನೆಯದಾಗಿ, ಕೋಶದಲ್ಲಿ ಏನಿದೆಯೋ ಅದನ್ನೇ ಯಂತ್ರವು ಎತ್ತಿಕೊಡುವುದು. 2024ರ ಸಿಇಟಿಯಲ್ಲಿ ಪಠ್ಯಕ್ರಮದ ಹೊರಗಿನ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಬೇಕಾಯಿತು. ಪಠ್ಯವು ಬದಲಾದಾಗಲೆಲ್ಲ ಕೋಶವನ್ನು ಶೋಧಿಸುವವರಿಲ್ಲದಿದ್ದರೆ ಇಂಥ ಪ್ರಶ್ನೆಗಳನ್ನು ಯಂತ್ರವು ಇನ್ನಷ್ಟು ವೇಗದಿಂದ ಹೊರಹಾಕೀತು. ಕೋಶವು ಚಿಕ್ಕದಾದರೆ ಮತ್ತೊಂದು ಕೇಡು: ನಾಲ್ಕು ವರ್ಷಗಳಲ್ಲಿ ಅದೆಲ್ಲವೂ ಗೈಡು ಪುಸ್ತಕಗಳಲ್ಲಿ ಅಚ್ಚಾಗಿ ಕಂಠಪಾಠಕ್ಕೆ ವಸ್ತುವಾಗುವುದು. ಕೋಶವು ಸಾಕಷ್ಟು ದೊಡ್ಡದಾದರೆ ಅದನ್ನು ಬಹಿರಂಗವಾಗಿ ಪ್ರಕಟಿಸಿದರೂ ಹಾನಿಯಿಲ್ಲ; ಅದನ್ನೆಲ್ಲ ಬಿಡಿಸಬಲ್ಲವನು ವಿಷಯವನ್ನೇ ಕಲಿತಂತಾಯಿತು.

ಎರಡನೆಯದು ಚೀಟಿಯೆತ್ತುವ ಕ್ರಮದ ವಿಚಾರ. ಯಂತ್ರದ ಯಾದೃಚ್ಛಿಕತೆಯು ಸಾಮಾನ್ಯವಾಗಿ ಒಂದು ಬೀಜಸಂಖ್ಯೆಯಿಂದ ಹೊರಟ ಲೆಕ್ಕಾಚಾರವೇ ಹೊರತು ದೈವಲೀಲೆಯಲ್ಲ. ಆ ಸಂಖ್ಯೆಯನ್ನೂ ಕೋಶವನ್ನೂ ಕ್ರಮವನ್ನೂ ಬಲ್ಲವನಿಗೆ ನಾಳಿನ ಪತ್ರಿಕೆಯು ಇಂದೇ ದೊರೆಯುವುದು. ಹಿಂದೆ ಪೆಟ್ಟಿಗೆಯ ಬೀಗದ ಕೈಯನ್ನು ಕಾಯಬೇಕಾಗಿತ್ತು. ಇನ್ನು ಮುಂದೆ ಈ ಸಂಖ್ಯೆಯನ್ನು ಕಾಯಬೇಕು. ಪರೀಕ್ಷೆಗೆ ಸ್ವಲ್ಪ ಮುಂಚೆ, ಒಬ್ಬರಿಗಿಂತ ಹೆಚ್ಚು ಮಂದಿಯ ಸಮಕ್ಷಮದಲ್ಲಿ ಅದನ್ನು ಹುಟ್ಟಿಸಿ ದಾಖಲೆಯಿಡುವುದೇ ಸರಿಯಾದ ಮಾರ್ಗವು.

ಮೂರನೆಯದು ಸಮಾನತೆ. ಒಬ್ಬೊಬ್ಬರಿಗೆ ಒಂದೊಂದು ಪತ್ರಿಕೆಯನ್ನು ಕೊಟ್ಟರೆ ಒಬ್ಬನಿಗೆ ಸುಲಭವೂ ಇನ್ನೊಬ್ಬನಿಗೆ ಕಠಿಣವೂ ಬಂದೀತು. ಹಲವು ಪಾಳಿಗಳಲ್ಲಿ ನಡೆಯುವ ಜೆಇಇ ಮೇನ್ ಪರೀಕ್ಷೆಯಲ್ಲಿ 2019ರಿಂದ ಪರ್ಸೆಂಟೈಲ್ ಲೆಕ್ಕದ ಸಮೀಕರಣವನ್ನು ಅನುಸರಿಸುತ್ತಿರುವುದು ಈ ಕಾರಣದಿಂದಲೇ. ಪ್ರಶ್ನೆಯ ಕಾಠಿಣ್ಯವನ್ನು ಊಹೆಯಿಂದ ಬರೆಯದೆ, ಹಿಂದೆ ಎಷ್ಟು ಮಂದಿ ಅದನ್ನು ಸರಿಯಾಗಿ ಬಿಡಿಸಿದರೆಂಬುದರಿಂದ ಗೊತ್ತುಮಾಡಬೇಕು.

ಕೊನೆಯದು ನಮ್ಮ ನುಡಿಯ ಮಾತು. 2024ರ ಆಗಸ್ಟ್ 27ರಂದು ನಡೆದ ಲೋಕಸೇವಾ ಆಯೋಗದ ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಅನುವಾದದ ದೋಷಗಳಿಂದ ಮರುಪರೀಕ್ಷೆಯಾಯಿತು. ಡಿಸೆಂಬರ್ 29ರ ಆ ಮರುಪರೀಕ್ಷೆಯಲ್ಲಿಯೂ ಅನುವಾದದ ಬಗ್ಗೆ ದೂರುಗಳೆದ್ದವು. ಅವಸರದಲ್ಲಿ ಭಾಷಾಂತರಿಸುವುದರ ಫಲವಿದು. ಪ್ರಶ್ನಾಕೋಶದಿಂದ ಆಗಬಹುದಾದ ಮಹೋಪಕಾರವೆಂದರೆ ಕನ್ನಡದ ಪ್ರಶ್ನೆಗಳನ್ನು ಬಿಡುವಾಗಿ, ಕನ್ನಡದಲ್ಲಿಯೇ ಯೋಚಿಸಿ, ಮೊದಲೇ ಬರೆಯಿಸಿ ತಿದ್ದಿಡಬಹುದು. ಈ ಅವಕಾಶವನ್ನು ಕಳೆದುಕೊಂಡರೆ ಹಳ್ಳಿಯ ಕನ್ನಡ ಮಾಧ್ಯಮದ ಹುಡುಗನು ಯಂತ್ರದ ಮುಂದೆಯೂ ಸೋಲುವನು.

ಆದುದರಿಂದ ಸರಕಾರದವರಲ್ಲಿ ನಮ್ಮ ವಿಜ್ಞಾಪನೆಯು ಇಷ್ಟೆ: ಯಂತ್ರಕ್ಕೆ ವೆಚ್ಚಮಾಡುವುದಕ್ಕೆ ಮುಂಚೆ ಪ್ರಶ್ನೆ ಬರೆಯುವ ಉಪಾಧ್ಯಾಯರಿಗೆ ಕಾಲವನ್ನೂ ಯೋಗ್ಯ ಸಂಭಾವನೆಯನ್ನೂ ಕೊಡಲಿ. ಚೀಟಿಯನ್ನು ಯಂತ್ರವು ಎತ್ತಲಿ. ಚೀಟಿಯ ಮೇಲೆ ಬರೆಯುವ ಕೈ ಮಾತ್ರ ವಿಷಯವನ್ನು ಬಲ್ಲ, ಮಕ್ಕಳನ್ನು ಬಲ್ಲ ಗುರುವಿನದಾಗಿರಲಿ. 2016ರ ಮಕ್ಕಳು ಪಟ್ಟ ದುಃಖವು ಮುಂದಿನವರಿಗೆ ಬಾರದಿರಬೇಕಾದರೆ ಇದಕ್ಕಿಂತ ಸುಲಭವಾದ ದಾರಿಯು ನಮಗೆ ತೋರದು.